ರೇಣುಕಾಳ ಪೆಟ್ಟಿಗೆ, ಕಳಕಪ್ಪನ ಟವೆಲ್ಲು

ಸಿದ್ದಾಪುರದ ಪ್ರಭುರಾಜ ಸಾವ್ಕಾರರ ಅಕ್ಕಿ ಗಿರಣಿಯಲ್ಲಿ ಹಳೆಯ ಪದ್ಧತಿಯೊಂದಿದೆ. ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡದಲ್ಲಿ ಆಳೆತ್ತರದ ಒಂದು ತಗ್ಗು. ಹಸಿ ಭತ್ತ ಬಂದ ದಿನ ಅದು ಆ ತಗ್ಗಿನಲ್ಲಿ ಗಟ್ಟಿಯಾಗಿ ಕೂತು, ಬಕೆಟ್ಟುಗಳ ಪಟ್ಟಾ ಅಲುಗದಂತೆ ಹಿಡಿದುಬಿಡುತ್ತದೆ. ಆಗ ಯಾರಾದರೂ ಇಳಿದು ಅದನ್ನು ಕೈಯಿಂದ ಬಗೆದು ತೆಗೆಯಬೇಕು. ಇಳಿಯುವವನು ಮೊದಲು ಮೋಟರು ನಿಲ್ಲಿಸುತ್ತಾನೆ. ಆಮೇಲೆ ತನ್ನ ಹೆಗಲ ಮೇಲಿನ ಟವೆಲ್ಲನ್ನು ಸ್ಟಾರ್ಟರಿನ ಹಿಡಿಕೆಗೆ ಹಾಕುತ್ತಾನೆ. ಟವೆಲ್ಲು ತೂಗುತ್ತಿರುವವರೆಗೆ ಸಾವ್ಕಾರರೇ ಬಂದರೂ ಆ ಹಿಡಿಕೆಯನ್ನು ಮುಟ್ಟುವಂತಿಲ್ಲ. ಹಾಕಿದವನೇ ಮೇಲೆ ಬಂದು ತೆಗೆಯಬೇಕು.

ಈ ಪದ್ಧತಿಗೆ ಒಂದು ತಿದ್ದುಪಡಿಯೂ ಆಗಿದೆ. ಬಹಳ ವರ್ಷಗಳ ಕೆಳಗೆ ಕಳಕಪ್ಪ ಮತ್ತು ಹುಲಿಗೆಪ್ಪ ಎಂಬ ಇಬ್ಬರು ಹಮಾಲರು ಒಟ್ಟಿಗೆ ತಗ್ಗಿಗೆ ಇಳಿದಿದ್ದರು. ಮೊದಲು ಇಳಿದ ಕಳಕಪ್ಪನ ಟವೆಲ್ಲು ಹೇಗೂ ತೂಗುತ್ತಿತ್ತಲ್ಲ, ಹುಲಿಗೆಪ್ಪ ತನ್ನದನ್ನು ತಲೆಗೇ ಸುತ್ತಿಕೊಂಡು ಇಳಿದ. ಕಳಕಪ್ಪ ನೀರು ಕುಡಿಯಲು ಮೇಲೆ ಬಂದವನು ಅಭ್ಯಾಸಬಲದಿಂದ ತನ್ನ ಟವೆಲ್ಲು ಎತ್ತಿಕೊಂಡು ಹೋದ. ಹಿಡಿಕೆ ಖಾಲಿಯಿದೆಯೆಂದು ಇನ್ನಾರೋ ಅದನ್ನು ಎಳೆದರು. ಹುಲಿಗೆಪ್ಪ ಕಿರುಚಿಕೊಂಡು ಮೇಲೆ ಹಾರಿದ. ಅವನ ಒಂದು ಚಪ್ಪಲಿ ಮಾತ್ರ ಬಕೆಟ್ಟಿನಲ್ಲಿ ಕೂತು ಗಿರಣಿಯ ತುದಿಗೇರಿ, ಭತ್ತದ ಜೊತೆಗೆ ಆ ಕಡೆ ಬಿತ್ತು. ಅಂದಿನಿಂದ ಎಷ್ಟು ಜನ ಇಳಿಯುತ್ತಾರೋ ಅಷ್ಟು ಟವೆಲ್ಲು. ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ.

ಅಪ್ಪ ಕಳಕಪ್ಪನಿಗೆ ಬುತ್ತಿ ಕೊಡಲು ಬಂದಿದ್ದ ಪುಟ್ಟ ರೇಣುಕಾ ಅಂದು ಗಿರಣಿಯ ಬಾಗಿಲಲ್ಲಿ ನಿಂತು ಆ ಚಪ್ಪಲಿಯ ಪ್ರಯಾಣವನ್ನು ಕಣ್ಣಾರೆ ಕಂಡಿದ್ದಳು.

ಕಳಕಪ್ಪನ ಮೂಲ ಊರು ತಾವರಗೇರಾ ಹತ್ತಿರದ ಒಂದು ಹಳ್ಳಿ. ಮಳೆ ನಂಬಿದ ಕೆಂಪು ಮಸಾರಿ ಹೊಲವನ್ನು ಅಣ್ಣನಿಗೆ ಬಿಟ್ಟು, ಹೆಂಡತಿ ಕಸ್ತೂರೆಮ್ಮನನ್ನು ಕರೆದುಕೊಂಡು ಕಾಲುವೆ ಸೀಮೆಗೆ ದುಡಿಯಲು ಬಂದವನು ಇಲ್ಲಿಯೇ ನಿಂತ. ಒಬ್ಬಳೇ ಮಗಳು ರೇಣುಕಾ ಗಂಗಾವತಿಯಲ್ಲಿ ಕಾಲೇಜು, ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ಕೊಪ್ಪಳದಲ್ಲಿ ಕೆಲಸ ಮಾಡುತ್ತಾಳೆ. ಸ್ಟೇಶನ್ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಮೇಲೆ ಅವಳು ದುಡಿಯುವ ಕಾರ್ಖಾನೆ. ಗಿರಣಿಗಳ ಮೋಟರು, ಬಿಸಿಗಾಳಿ, ತೇವಾಂಶ ಎಲ್ಲವನ್ನೂ ನೋಡಿಕೊಳ್ಳುವ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಾರೆ. ಕಾರ್ಖಾನೆಯ ಒಡತಿ ಮೆಹರಾಜ. ಬೆಸುಗೆ ಹಾಕುವುದು, ತಂತಿ ಕೂಡಿಸುವುದು ಅವಳ ಪಾಲಿನ ಕೆಲಸ. ಪೆಟ್ಟಿಗೆಯೊಳಗಿನ ಕರ್ನಲ್ ಎಂಬ ಪ್ರೋಗ್ರಾಮು ಬರೆಯುವುದು ರೇಣುಕಾಳ ಪಾಲಿನದು.

"ಮಗಳು ಏನ್ ಕೆಲಸ ಮಾಡ್ತಾಳವಾ?" ಎಂದು ಓಣಿಯ ಹೆಂಗಸರು ಕೇಳಿದರೆ ಕಸ್ತೂರೆಮ್ಮ, "ಪೆಟ್ಟಿಗಿಗೆ ಬುದ್ಧಿ ಹೇಳ್ತಾಳ್ರಿ. ನಮ್ಮ ಮಾತಂತೂ ಯಾರೂ ಕೇಳೂದಿಲ್ಲ, ಪೆಟ್ಟಿಗಿ ಆದ್ರೂ ಕೇಳ್ತೈತಿ" ಎನ್ನುತ್ತಿದ್ದಳು. ಅದು ತೀರ ತಪ್ಪಾದ ಉತ್ತರವೇನಲ್ಲ. ಕರ್ನಲ್ ಎಂದರೆ ಪೆಟ್ಟಿಗೆಯೊಳಗಿನ ಮನೆಯಜಮಾನ. ಬಿಸಿ ನೋಡುವ ಕೆಲಸ, ತೇವ ಅಳೆಯುವ ಕೆಲಸ, ಮೋಟರು ಓಡಿಸುವ ಕೆಲಸ ಇವೆಲ್ಲಕ್ಕೂ ಸರದಿ ಹಂಚುವುದು ಅವನೇ. ಹೊರಗಿನಿಂದ ಯಾರಾದರೂ ಬಟನ್ ಒತ್ತಿದರೆ ಕೈಯಲ್ಲಿದ್ದುದನ್ನು ಬದಿಗಿಟ್ಟು ಓಗೊಡುವವನೂ ಅವನೇ. ಹೀಗೆ ನಡುವೆ ಬರುವ ಕರೆಗೆ ಆ ಕೆಲಸದವರು ಇಂಟರಪ್ಟ್ ಎನ್ನುತ್ತಾರೆ. ಎಲ್ಲ ಹೊತ್ತಿನಲ್ಲಿಯೂ ಓಗೊಡಲು ಬರುವುದಿಲ್ಲ. ನಾಜೂಕಾದ ಕೆಲಸ ನಡೆದಾಗ ಕರ್ನಲ್ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೆ ತೆರೆಯುತ್ತದೆ.

ಪ್ರಭುರಾಜ ಸಾವ್ಕಾರರ ಗಿರಣಿಗೆ ಈ ಪೆಟ್ಟಿಗೆ ಬಂದದ್ದು ಈ ವರ್ಷ. ಅದನ್ನು ಮೊದಲು ನೋಡಿದ ದಿನ ಕಳಕಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, ಮಗಳನ್ನು ಕೇಳಿದ.

"ಯವ್ವಾ, ಭಾಳ ಛಲೋ ಐತಿ. ಟಾವೆಲ್ ಎಲ್ಲಿ ಹಾಕೂದು?"

ಗಿರಣಿಯಲ್ಲಿಯೇ ಆಡಿ ಬೆಳೆದ ಹುಡುಗಿಗೆ ಅದು ನೆನಪಾಗಿರಲಿಲ್ಲ. ಪೆಟ್ಟಿಗೆ ನುಣ್ಣಗಿತ್ತು, ಹಿಡಿಕೆ ಇಲ್ಲ, ಮೊಳೆ ಇಲ್ಲ, ಬರೀ ಬಟನ್ನುಗಳು. ಹುಲಿಗೆಪ್ಪ ನಕ್ಕ. "ಇಂಜಿನಿಯರ್ ಬಾಯಿ, ಸೀರಿ ಅಂಗಡಿ ಗ್ವಾಡಿ ಹಂಗ ಮಾಡೀಯಲ್ಲವಾ ಇದನ್ನ!" ಎಂದ. ಕಳಕಪ್ಪನೇ ದಪ್ಪ ತಂತಿ ಬಗ್ಗಿಸಿ, ಸ್ಟಾಪ್ ಬಟನ್ನಿನ ಪಕ್ಕದಲ್ಲಿ ಒಂದು ಕೊಕ್ಕೆ ಕಟ್ಟಿದ.

ಎರಡನೆಯ ಬೆಳೆಯ ಕಟಾವಿನ ಹೊತ್ತಿಗೆ ಅಡ್ಡಮಳೆ ಬಂತು. ಗಿರಣಿಯ ಅಂಗಳದ ತುಂಬ ಹಸಿ ಭತ್ತದ ರಾಶಿಗಳು. ಅದೇ ವಾರ ಪೆಟ್ಟಿಗೆಯಲ್ಲಿ ಒಂದು ಸಣ್ಣ ದೋಷ ಕಾಣಿಸಿತು. ಎಲಿವೇಟರು ಒಮ್ಮೊಮ್ಮೆ ಕಾರಣವಿಲ್ಲದೆ ತಾನೇ ನಿಲ್ಲುತ್ತಿತ್ತು. ಕೊಪ್ಪಳದಲ್ಲಿ ಕೂತರೆ ಆ ದೋಷ ಸಿಗಲಿಲ್ಲ. ರೇಣುಕಾ ಲ್ಯಾಪ್‌ಟಾಪ್ ಹಿಡಿದು ಮುಂಜಾನೆಯ ಬಸ್ಸಿಗೆ ಸಿದ್ದಾಪುರಕ್ಕೆ ಬಂದಳು.

ದೋಷ ಹಿಡಿಯಲು ಅವಳು ಮಾಡಿದ್ದು ಇಷ್ಟು. ಕರ್ನಲ್ ಓಡುವ ದಾರಿಯಲ್ಲಿ ಅನುಮಾನವಿದ್ದ ಕಡೆಗಳಲ್ಲಿ ಗುರುತು ಇಟ್ಟಳು. ಓಟ ಆ ಗುರುತಿಗೆ ಬಂದ ಕೂಡಲೆ ಥಟ್ಟನೆ ನಿಂತು, ತಪಾಸಣೆಯ ಭಾಗಕ್ಕೆ ಹೋಗುತ್ತದೆ. ಆಗ ಪೆಟ್ಟಿಗೆಯೊಳಗೆ ಏನೇನಿತ್ತು ಎಂಬುದನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿ ಮುಂದೆ ಸಾಗುತ್ತದೆ. ಇದಕ್ಕೆ ಡಿಬಗ್ ಎಕ್ಸೆಪ್ಶನ್ ಎಂದು ಹೆಸರು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕೆಲಸವೆಂದು, ತಪಾಸಣೆ ನಡೆಯುವಷ್ಟು ಹೊತ್ತೂ ಕರ್ನಲ್ಲಿನ ಕಿವಿ ಮುಚ್ಚಿರುವಂತೆ ಅವಳು ಬರೆದಿದ್ದಳು.

ಆದರೆ ಗಿರಣಿಯ ನೆಲ ಸದಾ ಅದುರುವ ನೆಲ. ಆ ಅದುರಿಗೆ ಲ್ಯಾಪ್‌ಟಾಪಿನ ಕೇಬಲ್ಲು ಸಡಿಲಾಗಿ, ತಪಾಸಣೆಯ ಮಾತು ಆ ಕಡೆ ಮುಟ್ಟದೆ, ಕರ್ನಲ್ ಉತ್ತರಕ್ಕಾಗಿ ಕಾಯುತ್ತ ನಿಂತುಬಿಟ್ಟಿತು. ಕಿವಿ ಮುಚ್ಚಿಕೊಂಡೇ ನಿಂತಿತು. ಅದೇ ಹೊತ್ತಿಗೆ ಹಸಿ ಭತ್ತ ತಗ್ಗಿನಲ್ಲಿ ಕಟ್ಟಿಕೊಂಡು, ಎಲಿವೇಟರಿನ ಪಟ್ಟಾ ಸಿಕ್ಕಿಬಿತ್ತು.

ಕಳಕಪ್ಪ ವಾಡಿಕೆಯಂತೆ ಸ್ಟಾಪ್ ಬಟನ್ ಒತ್ತಿದ. ಕೊಕ್ಕೆಗೆ ಟವೆಲ್ಲು ಹಾಕಿದ. ಪಟ್ಟಾ ಹೇಗೂ ನಿಂತೇ ಇತ್ತು. ಗಿರಣಿಯ ಗದ್ದಲದಲ್ಲಿ ಕೆಳಗೆ ಮೋಟರು ಇನ್ನೂ ಗುಂಯ್‌ಗುಡುತ್ತಿರುವುದು ಯಾರಿಗೂ ಕೇಳಿಸಲಿಲ್ಲ. ಅವನು ತಗ್ಗಿಗೆ ಇಳಿದು, ತಗಡಿನ ಡಬ್ಬಿಯಿಂದ ಭತ್ತ ಬಗೆಯತೊಡಗಿದ. ಬಿಗಿ ಸಡಿಲಾದ ಕೂಡಲೆ ಪಟ್ಟಾ ಜಗ್ಗನೆ ಎಳೆಯಿತು.

ಡಬ್ಬಿ ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ತಗಡು ನುರಿಯುವ ಸದ್ದು ಕೇಳಿ ಹುಲಿಗೆಪ್ಪ ಓಡಿಹೋಗಿ ಗೋಡೆಯ ದೊಡ್ಡ ಮೇನ್ ಸ್ವಿಚ್ಚನ್ನೇ ಎಳೆದ. ಗಿರಣಿ ಪೂರ್ತಿ ನಿಂತಿತು. ಆ ಮೌನದಲ್ಲಿ ಕಳಕಪ್ಪ ಏಣಿ ಹತ್ತಿ ಮೇಲೆ ಬಂದು, ಎರಡೂ ಕೈ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಒಂದು ಗೀರೂ ಇರಲಿಲ್ಲ.

"ಡಬ್ಬಿ ಹೋತ ನೋಡು," ಎಂದ.

ಹುಲಿಗೆಪ್ಪನಿಗೆ ಅಂದು ನಗು ಬರಲಿಲ್ಲ. "ಬಟನ್ ಒತ್ತಿದ್ಯೋ ಇಲ್ಲೋ ಮಾರಾಯಾ?"

"ಒತ್ತೀನಲೇ. ನಿನ್ನ ಆಣಿ."

ರೇಣುಕಾ ಲ್ಯಾಪ್‌ಟಾಪಿನ ಮುಂದೆ ಕುಳಿತಲ್ಲಿಯೇ ಕುಳಿತಿದ್ದಳು. ಪರದೆಯ ಮೇಲೆ ಅವಳು ಇಟ್ಟ ಗುರುತಿನ ಹೆಸರು, ಅದರ ಮುಂದೆ ಮಿನುಗುವ ಗೆರೆ. ಅಪ್ಪ ಒತ್ತಿದ ಕರೆ ಆ ಗೆರೆಯ ಹಿಂದೆ ಎಲ್ಲಿಯೋ ಬಾಗಿಲು ಕಾಯುತ್ತ ನಿಂತಿತ್ತು. ಅವಳಿಗೆ ಎಲ್ಲ ಅರ್ಥವಾಯಿತು.

ಪ್ರಭುರಾಜ ಸಾವ್ಕಾರರು ಕೂಗಾಡುವ ಜನವಲ್ಲ. "ತಂಗೀ, ಒಂದ ಮಾತು. ಸ್ಟಾಪ್ ಅಂದ್ರ ಸ್ಟಾಪ್ ಆಗ್ತೈತಿ ಅಂತ ನೀ ಬಾಯಿಬಿಟ್ಟು ಹೇಳೂತನಕ ಈ ಪೆಟ್ಟಿಗಿ ಇಟಗೊಂಡು ಯಾರ್ನೂ ತಗ್ಗಿಗೆ ಇಳಸೂದಿಲ್ಲ ನಾನು," ಎಂದರು.

"ನಾ ಇಳೀತೀನ್ರಿ," ಎಂದ ಕಳಕಪ್ಪ. "ನನ್ನ ಮಗಳು ಮಾಡಿದ ಪೆಟ್ಟಿಗಿ. ನಾನ ಇಳೀಲಿಲ್ಲಂದ್ರ ಊರಾಗ ಮತ್ಯಾರು ಇಳೀತಾರ?"

ರೇಣುಕಾಳಿಗೆ ಭಯವಾದದ್ದು ಆ ಮಾತಿಗೆ. ಅಪ್ಪನ ಹಟ ಅವಳಿಗೆ ಗೊತ್ತು. ತಾನು 'ಸರಿಯಾಗಿದೆ' ಎಂದರೂ ಇಳಿಯುತ್ತಾನೆ, 'ಬಹುಶಃ ಸರಿಯಾಗಿದೆ' ಎಂದರೂ ಇಳಿಯುತ್ತಾನೆ. ಅಂದೇ ಅವಳು ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿಸಿದಳು. ಹಳೆಯ ಸ್ಟಾರ್ಟರನ್ನೇ ಮತ್ತೆ ಜೋಡಿಸಲು ಹೇಳಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಪ್ಪಳದ ಬಸ್ಸು ಹತ್ತಿದಳು. ಕಸ್ತೂರೆಮ್ಮ ಕಟ್ಟಿಕೊಟ್ಟ ರೊಟ್ಟಿ ಚೀಲದಲ್ಲಿಯೇ ಉಳಿಯಿತು.

ಮರುದಿನ ಮೆಹರಾಜ ಎಲ್ಲ ಕೇಳಿ, ಮೊದಲು ತಾನು ಮಾಡಬೇಕಾದ್ದನ್ನು ಮಾಡಿದಳು. ಪೆಟ್ಟಿಗೆಯೊಳಗೆ ಸ್ಟಾಪ್ ಬಟನ್ನಿನಿಂದ, ಮೋಟರಿನ ಸ್ಟಾರ್ಟರಿಗೆ ಹೋಗುವ ತುದಿಗೆ ನೇರವಾಗಿ ಇನ್ನೊಂದು ತಂತಿ ಎಳೆದಳು.

"ಇಕಾ ನೋಡು. ನಿನ್ನ ಕರ್ನಲ್ ಮಲಕೊಂಡ್ರೂ ನನ್ನ ತಂತಿ ಎಚ್ಚರಿರ್ತೈತಿ."

"ಬಟನ್ ಮ್ಯಾಲಿನ ಕೈ ತಗದ ಮ್ಯಾಲೆ, ಅಕ್ಕಾ? ಕರ್ನಲ್ಲಿಗೆ ಗೊತ್ತಾಗ್ಲೇ ಇಲ್ಲಂದ್ರ ಅದು ಮೋಟರ್ ಇನ್ನೂ ಓಡಬೇಕಂತ ತಿಳದು ಮತ್ತ ಚಾಲೂ ಮಾಡ್ತೈತಿ."

"ಅರೇ, ಅದಕ್ಕ ನೀ ಇದೀಯಲ್ಲ. ನಿನ್ನದೂ ಬೇಕು, ನನ್ನದೂ ಬೇಕು. ಏಳು, ಮುಖ ಸಣ್ಣದ ಮಾಡ್ಕೊಂಡು ಕುಂಡರಬ್ಯಾಡ."

ರೇಣುಕಾ ಮೊದಲು ಮಾಡಿದ ದುರಸ್ತಿ ಯಾರಿಗಾದರೂ ಹೊಳೆಯುವಂಥದು. ಕಿವಿ ಮುಚ್ಚಿದ್ದರಿಂದ ತಾನೆ ಇಷ್ಟೆಲ್ಲ ಆದದ್ದು? ತಪಾಸಣೆ ಶುರುವಾದ ಕೂಡಲೆ ಕಿವಿ ತೆರೆ ಎಂದು ಬರೆದಳು. ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಪರೀಕ್ಷೆಗೆಂದು ಒಂದು ಪುಟ್ಟ ಮೋಟರು ಜೋಡಿಸಿ, ಗುರುತುಗಳನ್ನು ಹಚ್ಚಿ, ಮೆಹರಾಜಳಿಗೆ ಸ್ಟಾಪ್ ಒತ್ತುತ್ತಿರಲು ಹೇಳಿದಳು. ಒತ್ತಿದಾಗಲೆಲ್ಲ ಮೋಟರು ನಿಂತಿತು. ಮೆಹರಾಜ ಚಹಾ ತರಿಸಿದಳು. ಚಹಾ ಬರುವಷ್ಟರಲ್ಲಿ ಪೆಟ್ಟಿಗೆಯೇ ಸತ್ತುಬಿದ್ದಿತ್ತು; ದೀಪ ಆರಿ, ಯಾವ ಬಟನ್ನಿಗೂ ಮಾತಿಲ್ಲ.

"ನಾ ಏನ್ ಮಾಡಿಲ್ಲವಾ. ನೀ ಒತ್ತು ಅಂದಿ, ಒತ್ತಿದೆ," ಎಂದಳು ಮೆಹರಾಜ.

ಮತ್ತೆ ಚಾಲೂ ಮಾಡಿದರೆ ಮತ್ತೆ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ರೇಣುಕಾ ಒಂದು ಕಾರಣ ಹಿಡಿದಳು. ತಪಾಸಣೆಗೆಂದು ಪೆಟ್ಟಿಗೆಯಲ್ಲಿ ಮೀಸಲಿಟ್ಟ ಸಣ್ಣ ಜಾಗವೊಂದಿದೆ. ಅದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಗುರುತಿಗೆ ಸಿಕ್ಕ ಕೆಲಸ ತನ್ನ ಸಾಮಾನುಗಳನ್ನು ಅಲ್ಲಿ ಹರವಿಕೊಂಡು ಕೂರುತ್ತದೆ. ಜಾಗ ಒಂದೇ. ಈಗ ಕಿವಿ ತೆರೆದದ್ದರಿಂದ ಹೊರಗಿನ ಕರೆ ಬಂತು. ಕರೆಯ ನೆಪದಲ್ಲಿ ಸರದಿ ಬದಲಾಯಿತು. ಮೊದಲ ಕೆಲಸ ಸಾಮಾನು ಹರವಿದ್ದಂತೆಯೇ ಎದ್ದುಹೋಗಿ, ಎರಡನೆಯ ಕೆಲಸ ಓಡತೊಡಗಿತು. ಅದೂ ಒಂದು ಗುರುತಿಗೆ ಸಿಕ್ಕು, ಅದೇ ಜಾಗಕ್ಕೆ ಬಂದು, ಮೊದಲನೆಯದರ ಸಾಮಾನಿನ ಮೇಲೆಯೇ ತನ್ನದನ್ನು ಹರವಿತು. ಮೊದಲನೆಯದು ತಿರುಗಿ ಬಂದು ನೋಡಿದರೆ ತನ್ನದೆಂಬುದು ಏನೂ ಇಲ್ಲ.

ಇನ್ನೊಂದು ಕಾರಣವೂ ಇತ್ತು. ಕೆಲವು ಗುರುತುಗಳನ್ನು ಅವಳು ಇಟ್ಟದ್ದು ಕರ್ನಲ್ ಮೊದಲೇ ಬೇಕೆಂದು ಕಿವಿ ಮುಚ್ಚಿಕೊಂಡ ನಾಜೂಕು ಜಾಗಗಳಲ್ಲಿ. ಅಲ್ಲಿಗೂ ತಪಾಸಣೆ ನುಗ್ಗಿ, ಯಾರನ್ನೂ ಕೇಳದೆ ಕಿವಿ ತೆರೆದುಬಿಡುತ್ತಿತ್ತು.

ಮೆಹರಾಜ ತಣ್ಣಗಾದ ಚಹಾವನ್ನು ಕಿಟಕಿಯಿಂದ ಚೆಲ್ಲುತ್ತ, "ಹಂಗಾದ್ರ ಕಿವಿ ಮುಚ್ಚಿದ್ರೂ ತಪ್ಪು, ತಗದ್ರೂ ತಪ್ಪು. ಥೇಟ್ ನಮ್ಮ ಅತ್ತೀ ಮನಿ ಇದ್ದಂಗೈತಿ," ಎಂದಳು.

ರೇಣುಕಾಳಿಗೆ ಆ ದಿನ ಮೊದಲ ಸಲ ನಗು ಬಂತು. ನಕ್ಕು, ಕಿಟಕಿಯಾಚೆ ಕೋಟೆಯ ಬಂಡೆಗುಡ್ಡದ ಕಡೆ ನೋಡುತ್ತ ಕುಳಿತಳು. ಕಣ್ಣ ಮುಂದೆ ಬಂದದ್ದು ಮಾತ್ರ ಹುಲಿಗೆಪ್ಪನ ಚಪ್ಪಲಿ. ಅಂದು ತಪ್ಪಾದದ್ದು ಎಲ್ಲಿ? ಎರಡನೆಯವನು ತನ್ನ ಟವೆಲ್ಲು ಹಾಕದೆ ಇಳಿದ; ಮೊದಲನೆಯವನ ಟವೆಲ್ಲು ಹೋದೊಡನೆ ಜಾಗ ಖಾಲಿಯೆಂದು ಲೋಕ ತಿಳಿಯಿತು. ಆಮೇಲೆ ಗಿರಣಿಯವರು ಮಾಡಿಕೊಂಡ ತಿದ್ದುಪಡಿಯನ್ನು ಅವಳು ಚಿಕ್ಕಂದಿನಿಂದ ನೋಡುತ್ತ ಬಂದಿದ್ದಾಳೆ. ಅದನ್ನೇ ಪೆಟ್ಟಿಗೆಗೆ ಕಲಿಸಬೇಕು.

ಬರೆಯಲು ಕೂತಳು. ತಪಾಸಣೆಗೆ ಬಂದ ಕೆಲಸ ಮೊಟ್ಟಮೊದಲು ತನ್ನ ಟವೆಲ್ಲು ಹಾಕಬೇಕು. ಎಂದರೆ, 'ನಾನು ಈ ಜಾಗ ಬಿಡುವವರೆಗೆ ನನ್ನ ಸರದಿ ಬದಲಿಸಬೇಡ' ಎಂಬ ಎಣಿಕೆಯನ್ನು ಒಂದು ಹೆಚ್ಚಿಸಬೇಕು. ಆಮೇಲೆ, ತಾನು ಬರುವಾಗ ಕಿವಿ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ನೋಡಬೇಕು. ಆಗ ತೆರೆದಿದ್ದರೆ ಮಾತ್ರ, ತಪಾಸಣೆ ಮುಚ್ಚಿದ ಕಿವಿಯನ್ನು ಮತ್ತೆ ತೆರೆಯಬೇಕು. ಮುಚ್ಚಿದ್ದರೆ ಮುಚ್ಚಿದವನಿಗೆ ಅವನದೇ ಕಾರಣವಿದೆ, ಅದನ್ನು ಮುಟ್ಟಬಾರದು. ಕರೆ ಬಂದರೆ ಕೂತಲ್ಲಿಂದಲೇ ಓಗೊಡಬಹುದು, ಜಾಗ ಬಿಟ್ಟು ಏಳುವಂತಿಲ್ಲ. ಕೆಲಸ ಮುಗಿದ ಮೇಲೆ, ತಾನು ಕಿವಿ ತೆರೆದಿದ್ದರೆ ಮೊದಲು ಅದನ್ನು ಮುಚ್ಚಿ, ಆಮೇಲೆ ಟವೆಲ್ಲು ತೆಗೆಯಬೇಕು, ಅದೂ ತನ್ನದೊಂದನ್ನೇ. ಎಣಿಕೆ ಇನ್ನೂ ಉಳಿದಿದ್ದರೆ ಅದು ಬೇರೆಯವರ ಟವೆಲ್ಲು. ಹೊರಟ ಮೇಲೆ ಕಿವಿ ಮೊದಲು ಹೇಗಿತ್ತೋ ಹಾಗೆ ಆಗುತ್ತದೆ.

ಬರೆದದ್ದು ಕೆಲವೇ ಸಾಲು. ನಾಜೂಕು ಜಾಗಗಳಲ್ಲಿ ಇಟ್ಟ ಗುರುತುಗಳನ್ನು ತೆಗೆದುಹಾಕಿದಳು. ಅಲ್ಲಿ ತಪಾಸಣೆ ಬೇಕೇ ಆದರೆ ಗಿರಣಿಯಲ್ಲಿ ಮಾಡಕೂಡದು, ಕೊಪ್ಪಳದ ಮೇಜಿನ ಮೇಲೆಯೇ ಮಾಡಬೇಕೆಂದು ತನಗೆ ತಾನೇ ನಿಯಮ ಹಾಕಿಕೊಂಡಳು. ಕೇಬಲ್ಲು ಕಳಚಿದರೆ ಉತ್ತರಕ್ಕೆ ಕಾಯದೆ ಮುಂದೆ ಸಾಗುವಂತೆಯೂ ತಿದ್ದಿದಳು. ಆಮೇಲೆ ದಿನಗಟ್ಟಲೆ ಮೆಹರಾಜ ಬಟನ್ ಒತ್ತಿದಳು, ಕೇಬಲ್ಲು ಕಿತ್ತಳು, ಜೋಡಿಸಿದಳು, ಮೇಜನ್ನು ಗಿರಣಿಯ ಹಾಗೆ ಅಲುಗಿಸಿದಳು. ಪೆಟ್ಟಿಗೆ ಒಂದು ಸಲವೂ ಸಾಯಲಿಲ್ಲ. ಒಂದು ಕರೆಯೂ ತಪ್ಪಲಿಲ್ಲ. ಎಲಿವೇಟರು ತಾನೇ ನಿಲ್ಲುತ್ತಿದ್ದ ಹಳೆಯ ದೋಷವೂ ಈ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಅದು ತೇವ ಅಳೆಯುವ ಕೆಲಸದಲ್ಲಿದ್ದ ಒಂದು ಚಿಲ್ಲರೆ ತಪ್ಪು.

"ನನ್ನ ಹೆಬ್ಬಟ್ಟು ಸವದುಹೋತು. ಇನ್ನ ಆಧಾರ್ ಕಾರ್ಡಿಗೂ ಬರೂದಿಲ್ಲ ಇದು. ತಗೊಂಡ ಹೋಗ್ ಮಾರಾಯ್ತಿ," ಎಂದು ಮೆಹರಾಜ ಪೆಟ್ಟಿಗೆಯನ್ನು ಕಟ್ಟಿಕೊಟ್ಟಳು.

ಸಿದ್ದಾಪುರದಲ್ಲಿ ಪೆಟ್ಟಿಗೆ ಮತ್ತೆ ಗೋಡೆಗೇರಿತು. ಕಳಕಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಯಾರಾಗಿ ನಿಂತಿದ್ದ. ರೇಣುಕಾ ಅವನನ್ನು ತಡೆದಳು.

"ಅಪ್ಪಾ, ಮೊದಲು ನಿನ್ನ ಕೈ ಅಲ್ಲ. ಬಿದಿರು."

ಹಸಿ ಭತ್ತವನ್ನು ಬೇಕೆಂದೇ ತಗ್ಗಿಗೆ ಸುರಿದು ಎಲಿವೇಟರನ್ನು ಸಿಕ್ಕಿಸಿದರು. ಲ್ಯಾಪ್‌ಟಾಪು ಹಚ್ಚಿ, ಗುರುತುಗಳು ಒಂದರ ಮೇಲೊಂದು ಬೀಳುತ್ತಿರುವಂತೆಯೇ ಅವಳು ಹುಲಿಗೆಪ್ಪನಿಗೆ ಸನ್ನೆ ಮಾಡಿದಳು. ಅವನು ಸ್ಟಾಪ್ ಒತ್ತಿದ. ಅವಳು ಉದ್ದನೆಯ ಬಿದಿರಿನಿಂದ ಮೇಲೆ ನಿಂತುಕೊಂಡೇ ಭತ್ತ ಕೆದಕಿದಳು. ಬಿಗಿ ಸಡಿಲಾಯಿತು. ಪಟ್ಟಾ ಅಲುಗಲಿಲ್ಲ. ಮತ್ತೆ ಸಿಕ್ಕಿಸಿದರು, ಈ ಸಲ ಕೇಬಲ್ಲನ್ನೇ ಕಿತ್ತಳು. ಆಗಲೂ ಅಲುಗಲಿಲ್ಲ. ಪ್ರಭುರಾಜ ಸಾವ್ಕಾರರು ಬಗ್ಗಿ ಮೋಟರಿನ ಮೇಲೆ ಅಂಗೈ ಇಟ್ಟು, ಅದುರು ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಹೀಗೆ ಸಾಕುಸಾಕೆನಿಸುವವರೆಗೆ ನಡೆಯಿತು.

"ಏನಂತಿ ತಂಗೀ?" ಎಂದರು ಸಾವ್ಕಾರರು.

ರೇಣುಕಾ ಬಾಯಿ ತೆರೆದು ಹೇಳಬೇಕಾದ ಮಾತು ಅದೊಂದೇ. ಅಂದು ಬಸ್ಸಿನಲ್ಲಿ ತೊಡೆಯ ಮೇಲೆ ಇದ್ದ ಭಾರ ಇಂದು ನಾಲಿಗೆಯ ಮೇಲೆ ಬಂದು ಕೂತಂತಿತ್ತು. 'ಬಹುಶಃ' ಎಂಬುದು ಇನ್ನೂ ಎಲ್ಲಿಯಾದರೂ ಉಳಿದಿದೆಯೇ ಎಂದು ಮನಸ್ಸಿನಲ್ಲಿ ಹುಡುಕಿದಳು. ಇರಲಿಲ್ಲ.

"ಸ್ಟಾಪ್ ಅಂದ್ರ ಸ್ಟಾಪ್ ಆಗ್ತೈತ್ರಿ," ಎಂದಳು.

ಎಲಿವೇಟರು ಮತ್ತೊಮ್ಮೆ ಸಿಕ್ಕಿಬಿದ್ದಾಗ ಕಳಕಪ್ಪ ಬಟನ್ ಒತ್ತಿ, ಕೊಕ್ಕೆಗೆ ಟವೆಲ್ಲು ಹಾಕಿದ. ಅವನು ಏಣಿಗೆ ಕಾಲಿಡುವ ಮೊದಲು ರೇಣುಕಾ ಬಂದು, ಹೆಗಲ ಮೇಲಿನ ತನ್ನ ವೇಲನ್ನು ತೆಗೆದು ಟವೆಲ್ಲಿನ ಪಕ್ಕಕ್ಕೆ ಹಾಕಿದಳು.

"ನೀ ಯಾಕವಾ ಹಾಕ್ತಿ? ನೀ ಎಲ್ಲಿ ಇಳೀತಿ?"

"ನಾನೂ ಇಳದಂಗ ಅಪ್ಪಾ. ಹೋಗು ನೀ."

ಕಳಕಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಇಳಿದ. ಹೊಸ ಡಬ್ಬಿಯಿಂದ ಭತ್ತ ಬಗೆಯುವ ಸಪ್ಪಳ ಕೇಳಿಸತೊಡಗಿತು. ರೇಣುಕಾ ತಗ್ಗಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆ ಎರಡು ಕೈಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬಿಗಿ ಸಡಿಲಾಯಿತು. ಬಕೆಟ್ಟುಗಳು ಕಲ್ಲಿನಂತೆ ನಿಂತಿದ್ದವು. ಕೊನೆಯ ಬೊಗಸೆಯನ್ನೂ ತೆಗೆದು, ಕಳಕಪ್ಪ ಮೈಗೆ ಮೆತ್ತಿದ ಹೊಟ್ಟು ಜಾಡಿಸಿಕೊಳ್ಳುತ್ತ ಮೇಲೆ ಬಂದ. ಕೊಕ್ಕೆಯಿಂದ ತನ್ನ ಟವೆಲ್ಲು ತೆಗೆದುಕೊಂಡು ಮುಖ ಒರೆಸಿಕೊಂಡ.

"ಛಲೋ ಕೇಳ್ತೈತವಾ ನಿನ್ನ ಪೆಟ್ಟಿಗಿ," ಎಂದು, ಹೊರಗೆ ಚಹಾದ ಅಂಗಡಿಯ ಕಡೆಗೆ ನಡೆದ.

ರೇಣುಕಾ ಅಲ್ಲಿಯೇ ಕೂತಿದ್ದಳು. ಕಣ್ಣು ಒದ್ದೆಯಾದದ್ದು ಭತ್ತದ ದೂಳಿಗೆ ಎಂದುಕೊಂಡಳು. ಹೊಟ್ಟೆ ಹಸಿದಿತ್ತು. ಅವ್ವನ ರೊಟ್ಟಿಯ ನೆನಪಾಯಿತು.

ಅಂಗಳದಲ್ಲಿ ಹಸಿ ಭತ್ತದ ರಾಶಿಗಳು ಕಾಯುತ್ತಿದ್ದವು. ಪೆಟ್ಟಿಗೆಯ ಮುಂದೆ ಹುಲಿಗೆಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಸ್ಟಾರ್ಟ್ ಬಟನ್ ಅವನ ಬೆರಳಿನ ಹತ್ತಿರದಲ್ಲಿಯೇ ಇತ್ತು, ಅವನು ಮುಟ್ಟಿರಲಿಲ್ಲ.

"ಇಂಜಿನಿಯರ್ ಬಾಯಿ," ಎಂದು ಅಲ್ಲಿಂದಲೇ ಕೂಗಿದ, "ಸಂಜೀತನಕ ಅಲ್ಲೇ ಕುಂಡರಾಕಿ ಏನು? ಬಂದು ನಿನ್ನ ವೇಲ್ ತಗೀಯವಾ. ಗಿರಣಿ ಚಾಲೂ ಮಾಡೂದೈತಿ."